ಹೊರಬಂದ ಹೊತ್ತು

ಬೀಗದ ಕೈ ಇರುವುದು ಡಲ್ಸಿ ಲೀನರ್ಟಳ ಅಡುಗೆಮನೆಯಲ್ಲಿ,
ಉಣ್ಣೆ ಕತ್ತರಿ ತೂಗುವ ಅದೇ ಮೊಳೆಗೆ.
ಸಿಲಿಂಡರ್ ಹೊತ್ತು ಬಂದವರು ಬೂಟು ಹೊರಗೆ ಬಿಡಬೇಕು.
ಗೆರೆ ಎಳೆದ ಪುಸ್ತಕದಲ್ಲಿ ಮೂರು ಮನೆ:
ಹೆಸರು. ಇಳಿದ ಹೊತ್ತು. ಹೊರಬಂದ ಹೊತ್ತು.
ಮೂರನೆಯದು ಖಾಲಿ ಇರಲಿ, ಅನ್ನುತ್ತಾಳೆ,
ಅದನ್ನು ಬಂದು ತುಂಬು,
ನನ್ನೆದುರಿಗೆ, ನಿನ್ನ ಕೈಯಾರೆ.

ಅವಳಿಗೆ ಈಜು ಬಾರದು.
ಮದುವೆಯಾಗಿ ಬಂದಾಗಿನಿಂದ
ಈ ಬಾಯಿಯ ಮಗ್ಗುಲಲ್ಲೇ ಕುರಿ ಎಣಿಸಿದ್ದಾಳೆ,
ಒಂದು ಕಡಿಮೆ ಬಿದ್ದರೆ ಮೊದಲು ಇಲ್ಲಿಗೇ ಬಂದು ಬಗ್ಗಿದ್ದಾಳೆ.
ಮೌಂಟ್ ಗ್ಯಾಂಬಿಯರ್ ಸೀಮೆಯ ನೆಲವೇ ಹಾಗೆ:
ಮೇಲೆ ಹುಲ್ಲು, ಕೆಳಗೆ ಸುಣ್ಣಕಲ್ಲು, ಅದರ ಕೆಳಗೆ
ಯಾರ ಅಪ್ಪಣೆಗೂ ಕಾಯದೆ ಕಲ್ಲು ತಿನ್ನುವ ನೀರು.
ಎಂದೋ ಒಂದಿರುಳು ಚಾವಣಿ ಕುಸಿಯಿತು.
ಈಗ ಮುಳ್ಳುತಂತಿಯ ಬೇಲಿ, ಕಬ್ಬಿಣದ ಏಣಿ,
ಮೂವತ್ತೆಂಟು ಮೆಟ್ಟಿಲು.

ಜನವರಿಯ ಹನ್ನೊಂದೂವರೆ. ಬಿಸಿಲು ಕೋಲಾಗಿ ಇಳಿದು
ತಳ ಮುಟ್ಟದೆ ನಿಂತಿದೆ.
ನೀರು ಇದೆಯೆಂದು ಚಳಿ ಹೇಳಬೇಕು,
ಕಣ್ಣಿಗೆ ತಿಳಿಯದು.
ಡಲ್ಸಿಯ ಮಾವನ ಕಾಲಕ್ಕೆ ಇದು ತಿಪ್ಪೆ:
ಗಾಡಿಯ ಚಕ್ರ, ಹಾಲಿನ ಕ್ಯಾನು, ಫೋರ್ಡಿನ ಒಂದು ಬಾಗಿಲು,
ಗುಲಾಬಿ ಬಣ್ಣದ ಸ್ನಾನದ ತೊಟ್ಟಿ.
ಎಲ್ಲಕ್ಕೂ ಒಂದೇ ಹಸಿರು ಮಖಮಲ್ಲು.
ಅಂಗಾತ ತೇಲಿ ನೋಡಿದರೆ ತಟ್ಟೆಯಷ್ಟು ಆಕಾಶ,
ಕುರಿಯೊಂದು ಇಣುಕಿದಾಗ
ಅದರಂಚಿಗೆ ಎರಡು ಕಿವಿ.

ಬೆಳಕು ಮುಗಿಯುವಲ್ಲಿ ಒಂದು ತಗಡು:
ದಾರ ಕಟ್ಟದವನು ಇಲ್ಲಿಂದಲೇ ಹಿಂತಿರುಗಲಿ.
ಮಾರ್ನಿ ದಾರ ಬಿಡುತ್ತಾಳೆ, ನಾನು ಹಿಂದೆ.
ಉಸಿರನ್ನು ಮೂರು ಪಾಲು ಮಾಡಿ ತಂದಿದ್ದೇವೆ:
ಹೋಗಲಿಕ್ಕೊಂದು, ಬರಲಿಕ್ಕೊಂದು,
ಇನ್ನೊಂದು ನನ್ನದಲ್ಲ, ಅವಳದ್ದು,
ಅವಳ ಬೆನ್ನ ಮೇಲೆ ನನ್ನದೊಂದು ಇರುವ ಹಾಗೆ.
ಗಂಡ ಹೆಂಡಿರೂ ಇಷ್ಟು ಲೆಕ್ಕವಾಗಿ ಹಂಚಿಕೊಂಡದ್ದನ್ನು ಕಾಣೆ.

ಕಾಲು ತುಸು ತಾಗಿತು. ನನ್ನದೇ.
ಹಿಟ್ಟಿಗಿಂತ ನುಣ್ಣನೆಯ ಹೂಳು,
ಯಾವ ಯುಗದಿಂದ ಕೂತಿತ್ತೋ,
ಎದ್ದಿತು.
ದೀಪ ಹಾಲಾಯಿತು, ಹಾಲು ಕತ್ತಲಾಯಿತು.
ಮೇಲೆ ಯಾವುದು ಕೆಳಗೆ ಯಾವುದು ಗುಳ್ಳೆಗಳಿಗೆ ಗೊತ್ತು,
ಅವೂ ಕಾಣುತ್ತಿಲ್ಲ.
ಹೆಬ್ಬೆರಳು ತೋರುಬೆರಳು ಸೇರಿದ ಉಂಗುರದೊಳಗೆ ದಾರ,
ಇದೆ, ಇನ್ನೂ ಇದೆ.
ಮಾರ್ನಿಯ ಕೈ ನನ್ನ ತೋಳು ಹುಡುಕಿ ಒಮ್ಮೆ ಒತ್ತಿತು:
ನಡಿ.

ಹೋದ ಪುಟ್ಟ ಬಂದ ಪುಟ್ಟ ಎಂದು ಹಂಗಿಸುವುದುಂಟು.
ಇಲ್ಲಿ ಇಡೀ ವಿದ್ಯೆಯೆಂದರೆ ಅಷ್ಟೇ,
ಹೋದ ಪುಟ್ಟ
ಬಂದ ಪುಟ್ಟ ಆಗುವುದು.

ಹಳೆಯ ಪುಸ್ತಕವೊಂದಿದೆ ಅವಳ ಬಳಿ,
ಬೀಗ, ದಾರ, ತಗಡು ಯಾವುದೂ ಇಲ್ಲದ ಕಾಲದ್ದು.
ಅದರಲ್ಲಿ ಕಾಲಿನ್ ಟ್ರೆಥವೆ, ಇಳಿದದ್ದು ಹತ್ತು ನಲವತ್ತಕ್ಕೆ.
ಮೂರನೆಯ ದಿನ ಮೇಲೆ ತಂದರಂತೆ.
ಪೊಲೀಸಿನವನು ಪೆನ್ನು ತೆಗೆದು
ಆ ಖಾಲಿ ಮನೆಗೆ ಗಂಟೆ ಬರೆಯಹೊರಟ.
ಪುಸ್ತಕ ಕಿತ್ತುಕೊಂಡಳಂತೆ ಡಲ್ಸಿ.
ತಂದದ್ದು ಬೇರೆ, ಬಂದದ್ದು ಬೇರೆ.

ಗಡಿಯಾರದ ಕೆಳಗೇ ನಿಂತಿದ್ದಾಳೆ,
ಕೆಟಲ್ ಆರಿ ಎಷ್ಟು ಹೊತ್ತಾಯಿತೋ.
ನಾವು ಹೂಳಿನ ಮಾತೆತ್ತಲಿಲ್ಲ.
ಏನು ಕಂಡಿರಿ ಎಂದು ಅವಳೂ ಎಂದೂ ಕೇಳಿದವಳಲ್ಲ.
ಇವತ್ತು ಮಾತ್ರ: ಆ ಗುಲಾಬಿ ತೊಟ್ಟಿ ಇದೆಯಾ ಇನ್ನೂ?
ಇದೆ. ಒಳಗೆ ಸಿಗಡಿಯೊಂದು ಸಂಸಾರ ಹೂಡಿದೆ.
ಒಳ್ಳೆಯ ತೊಟ್ಟಿ, ಅಂದಳು,
ನನ್ನನ್ನೊಂದು ಮಾತು ಕೇಳದೆ ಎಸೆದರು.

ಪೆನ್ನು ತಳ್ಳಿದಳು.
ಹನ್ನೆರಡು ಹದಿನೇಳು ಎಂದು ಬರೆದೆ.
ಕೂದಲಿಂದ ಹನಿಯೊಂದು ಬಿದ್ದು
ಏಳು ಕದಡಿತು.
ಅವಳು ಒರೆಸಲಿಲ್ಲ.
ಇನ್ನೊಮ್ಮೆ ಬರಿ, ಅಂದಳು,
ಒತ್ತಿ ಬರಿ.